ಏಳನೆಯ ಚೌಕದ ಕೆಂಪು ದಾರ

ಏಳನೆಯ ಚೌಕದ ಮಣ್ಣು ಮೂರನೆಯ ಸಲವೂ ಅದೇ ಉತ್ತರ ಕೊಟ್ಟಿತು. ಪಕ್ಕದ ಒಂಬತ್ತು ಚೌಕಗಳಿಗಿಂತ ಅದರಲ್ಲಿ ಸಾರಜನಕ ಹೆಚ್ಚುಕಡಿಮೆ ಎರಡು ಪಟ್ಟು. ಯಂತ್ರ ಸರಿಯಿತ್ತು, ಪ್ರಮಾಣ ಮೊದಲೇ ಗೊತ್ತಿರುವ ಮಾದರಿಗಳನ್ನು ನಡುನಡುವೆ ಇಟ್ಟು ನೋಡಿದ್ದೆವು. ತೂಕವೂ ಸರಿಯಿತ್ತು. ನಮ್ಮ ಸಂಶೋಧನಾ ವಿದ್ಯಾರ್ಥಿನಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದಳು.

"ಸರ್, ಇನ್ನೊಂದು ಸಲ ಹಾಕಿದ್ರೂ ಇದೇ ಬರೋದು. ಮಣ್ಣಿಗೇನೂ ಮುಜುಗರ ಇಲ್ಲ, ನಮಗೇ ಇರೋದು."

ನಾವು ಕೇಳುತ್ತಿದ್ದ ಪ್ರಶ್ನೆಯನ್ನು ಮೊದಲು ಹೇಳಿಬಿಡುತ್ತೇನೆ. ಒಂದು ಹುಲ್ಲುಗಾವಲಿನಲ್ಲಿರುವ ಇಂಗಾಲ ಮತ್ತು ಸಾರಜನಕದಲ್ಲಿ ಗಿಡದ ಪಾಲೆಷ್ಟು, ಮಣ್ಣಿನ ಪಾಲೆಷ್ಟು? ಗಿಡದ ಪಾಲಿನಲ್ಲಿ ಎಲೆ ಕಾಂಡಗಳಿಗೆ ಎಷ್ಟು ಹೋಗುತ್ತದೆ, ಬೇರಿಗೆ ಎಷ್ಟು ಹೋಗುತ್ತದೆ? ಹವೆ ಬದಲಾದಂತೆ ಈ ಹಂಚಿಕೆ ಹೇಗೆ ಬದಲಾಗುತ್ತದೆ? ಇದಕ್ಕಾಗಿ ನಾಲ್ಕು ಜಾಗಗಳನ್ನು ಆರಿಸಿದ್ದೆವು. ಹಿಮಾಲಯದ ಎತ್ತರದ ತಣ್ಣನೆಯ ಹುಲ್ಲುಗಾವಲು, ನೀಲಗಿರಿಯ ತೇವದ ಹುಲ್ಲುಬೆಟ್ಟ, ದಖ್ಖನಿನ ಒಂದು ಹಳೆಯ ಕಾವಲು, ಮತ್ತು ನಮ್ಮದು: ದೆಹಲಿಯಿಂದ ಫರೀದಾಬಾದಿನ ಕಡೆಗೆ ಹೋಗುವಾಗ ಸಿಗುವ ಅರಾವಳಿಯ ಕಲ್ಲುನೆಲ. ನಾಲ್ಕರಲ್ಲಿ ಅತಿ ಬಿಸಿಯ, ಅತಿ ಒಣ ಜಾಗ ನಮ್ಮದು. ನೀರೂ ಪೋಷಕಾಂಶವೂ ಕಡಿಮೆಯಿರುವ ಕಡೆ ಹುಲ್ಲು ತನ್ನ ಸಂಪಾದನೆಯ ದೊಡ್ಡ ಪಾಲನ್ನು ಬೇರಿಗೆ ಹಾಕುತ್ತದೆ ಎಂಬುದು ನಮ್ಮ ಊಹೆ. ಗೆರೆ ಎಳೆಯಲು ಎರಡು ತುದಿ ಬೇಕು. ಹಿಮಾಲಯ ಒಂದು ತುದಿ, ನಾವು ಇನ್ನೊಂದು. ವಿದ್ಯಾರ್ಥಿನಿಯ ಪ್ರಬಂಧ ನಿಂತಿದ್ದು ಈ ಗೆರೆಯ ಮೇಲೆ. ನಮ್ಮ ಜಾಗವನ್ನು ಕೈಬಿಟ್ಟರೆ ಅವಳ ಇಡೀ ಕೆಲಸಕ್ಕೆ ಒಂದು ತುದಿಯೇ ಇರುತ್ತಿರಲಿಲ್ಲ.

ಅರಾವಳಿಯ ಆ ನೆಲದಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಹತ್ತು ಚೌಕಗಳಿದ್ದವು. ಮಳೆಗಾಲ ಮುಗಿದ ಮೇಲೆ ಪ್ರತಿ ಚೌಕದ ಒಂದು ಪಟ್ಟಿಯಲ್ಲಿ ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸಿ, ಉಕ್ಕಿನ ಕೊಳವೆಯನ್ನು ಸುತ್ತಿಗೆಯಿಂದ ಬಡಿದು ಇಳಿಸಿ ಮಣ್ಣು ತೆಗೆಯಬೇಕು. ಆ ಮಣ್ಣನ್ನು ಸಣ್ಣ ಕಣ್ಣಿನ ಜರಡಿಯಲ್ಲಿಟ್ಟು ನೀರು ಹಾಯಿಸಿ ಬೇರುಗಳನ್ನು ಒಂದೊಂದಾಗಿ ಚಿಮಟದಿಂದ ಹೆಕ್ಕಬೇಕು. ಒಂದು ಕೊಳವೆಯ ಮಣ್ಣಿಗೆ ಅರ್ಧ ದಿನ ಬೇಕು. ಬಳಿಕ ಒಣಗಿಸಿ, ಪುಡಿ ಮಾಡಿ, ಸುಣ್ಣದ ಕಲ್ಲಿನಿಂದ ಬಂದ ಇಂಗಾಲ ಲೆಕ್ಕಕ್ಕೆ ಸೇರದಂತೆ ಮಣ್ಣಿಗೆ ಆಮ್ಲದ ಆವಿ ಹಿಡಿಸಿ, ಚಿಟಿಕೆಯಷ್ಟನ್ನು ಲೋಹದ ಪುಟ್ಟ ಬಟ್ಟಲುಗಳಲ್ಲಿ ಮಡಿಸಿ ಯಂತ್ರಕ್ಕೆ ಕೊಡಬೇಕು. ಇಷ್ಟನ್ನೂ ದಾವಣಗೆರೆಯಿಂದ ಬಂದ ಆ ಹುಡುಗಿ ತಾನೇ ಮಾಡಿದ್ದಳು. ಚೌಕಗಳನ್ನು ಗುರುತು ಹಾಕಿದ್ದು ಮಾತ್ರ ನಾನು, ಅವಳು ಸೇರುವ ಮೊದಲು, ಎರಡು ವರ್ಷದ ಹಿಂದೆ.

"ನಿನ್ನ ಫೀಲ್ಡ್ ಬುಕ್ ತೆಗಿ" ಎಂದೆ.

ಅವಳು ತೆಗೆದು ಓದಿದಳು. "ಚೌಕ ಏಳು. ಎರಡು ಗೂಟ ಉಳಿದಿವೆ, ಕೆಂಪು ದಾರ ಹರಿದಿದೆ. ಇರುವೆ ಬಹಳ."

"ಕೆಂಪು ದಾರ?"

"ಹೂಂ ಸರ್. ಪೂಜೆಗೆ ಕೈಗೆ ಕಟ್ತಾರಲ್ಲ, ಕೆಂಪು ಹಳದಿ. ಅದು."

ನನಗೆ ಸಮಾಧಾನವೇ ಆಯಿತು. ಕಾರಣ ಸಿಕ್ಕಿತೆಂದುಕೊಂಡೆ. ನಾನು ಹತ್ತೂ ಚೌಕಗಳಿಗೆ ಕಟ್ಟಿದ್ದು ಬಿಳಿ ನೈಲಾನ್ ದಾರ. ಆ ಉಂಡೆ ನನ್ನ ಕಣ್ಣಮುಂದಿತ್ತು: ನೀಲಿ ರಟ್ಟಿನ ಸುರುಳಿ, ಕೆಲಸ ಮುಗಿದ ಮೇಲೂ ಅದರಲ್ಲಿ ಉಳಿದಿದ್ದ ಒಂದಿಷ್ಟು ದಾರ, ಅದನ್ನು ಚೀಲದ ಪಕ್ಕದ ಜೇಬಿಗೆ ತುರುಕಿದ್ದು. ಕಬ್ಬಿಣದ ಗೂಟ ಹಾಕಿದರೆ ಗುಜರಿಯವರು ಕಿತ್ತೊಯ್ಯುತ್ತಾರೆಂದು ಬಿದಿರಿನ ಗೂಟ ಹಾಕಿದ್ದೂ ನೆನಪಿತ್ತು. ಅಂದಮೇಲೆ ಇವಳು ಯಾರೋ ಪೂಜೆ ಮಾಡಿದ ಜಾಗವನ್ನು ನಮ್ಮ ಚೌಕವೆಂದು ತಿಳಿದು ಮಣ್ಣು ತೆಗೆದಿದ್ದಾಳೆ. ಜಿಪಿಎಸ್ ನೋಡೋಣವೆಂದರೆ ಅದರ ತಪ್ಪೇ ನಾಲ್ಕೈದು ಮೀಟರ್. ಒಂದು ಮೀಟರಿನ ಚೌಕಕ್ಕೆ ಅದು ಸಾಕ್ಷಿ ಹೇಳದು.

"ನೀನು ಬೇರೆ ಜಾಗದಲ್ಲಿ ತೆಗೆದಿದ್ದೀಯ" ಎಂದೆ.

"ಇಲ್ಲ ಸರ್. ಆರರಿಂದ ಹೆಜ್ಜೆ ಎಣಿಸಿಕೊಂಡೇ ಹೋದೆ."

"ನನಗೆ ಚೆನ್ನಾಗಿ ನೆನಪಿದೆ."

ಈ ಮಾತನ್ನು ನಾನು ಹೇಗೆ ಆಡಿದೆನೋ ಇವತ್ತಿಗೂ ಆಶ್ಚರ್ಯ. ಬೇರೆಯವರ ಅಂಕಿಅಂಶಗಳನ್ನು ಕೆದಕಿ ಅನುಮಾನಿಸುವವನೆಂದೇ ವಿಭಾಗದಲ್ಲಿ ನನ್ನ ಹೆಸರು. ನನ್ನ ನೆನಪಂತೂ ಅನುಮಾನಕ್ಕೆ ಅರ್ಹವೇ. ನಮ್ಮ ಮಯೂರ್ ವಿಹಾರದ ಮನೆಯಲ್ಲಿ, ನಾನು ಯಾವುದಾದರೂ ಹಳೆಯ ಪ್ರವಾಸದ ಕಥೆ ಶುರು ಮಾಡಿದರೆ ಹೆಂಡತಿ, "ಆ ಟ್ರಿಪ್ಪಿಗೆ ನೀವು ಬಂದೇ ಇರಲಿಲ್ಲ" ಎನ್ನುವುದುಂಟು. ಆದರೂ ಅಂದು ನೀಲಿ ರಟ್ಟಿನ ಸುರುಳಿ ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ ಅದನ್ನು ಅನುಮಾನಿಸಬೇಕೆಂದು ತೋಚಲೇ ಇಲ್ಲ. ಫೀಲ್ಡ್ ಬುಕ್ಕಿನಲ್ಲಿ ಅವಳು ಬರೆದ ಕೊನೆಯ ಎರಡು ಪದಗಳನ್ನೂ ನಾನು ಕೇಳಿಸಿಕೊಳ್ಳಲಿಲ್ಲ.

ಚೌಕಗಳನ್ನು ಗುರುತು ಹಾಕಿದಾಗ ನನ್ನ ಜೊತೆಗಿದ್ದ ಸಹಾಯಕನಿಗೆ ಫೋನ್ ಮಾಡಿದೆ. ಅವನೀಗ ಐಎಎಸ್ ಪರೀಕ್ಷೆಗೆಂದು ಓಲ್ಡ್ ರಾಜಿಂದರ್ ನಗರದ ಒಂದು ಕೋಣೆ ಸೇರಿಕೊಂಡಿದ್ದ. "ಸರ್, ದಾರ ಗೀರ ಕೇಳಬೇಡಿ. ಈಗ ನನ್ನ ತಲೇಲಿ ಸಂವಿಧಾನದ ವಿಧಿಗಳು ಬಿಟ್ರೆ ಬೇರೆ ಯಾವುದಕ್ಕೂ ಜಾಗ ಇಲ್ಲ" ಎಂದ.

ಮರುದಿನ ಯೋಜನೆಯ ಸಂಯೋಜಕರು ಬೆಂಗಳೂರಿನಿಂದ ಕರೆ ಮಾಡಿದರು. ನಾಲ್ಕೂ ಜಾಗಗಳ ಅಂಕಿಗಳನ್ನು ಒಟ್ಟು ಸೇರಿಸುವವರು ಅವರೇ. ಏಳನೆಯ ಚೌಕ ಅವರ ಕಣ್ಣಿಗೂ ಬಿದ್ದಿತ್ತು.

"ಮಾದರಿ ತೆಗೆಯುವಾಗ ಜಾಗ ತಪ್ಪಿರಬಹುದು ಸರ್" ಎಂದೆ. ವಿದ್ಯಾರ್ಥಿನಿ ಅದೇ ಕೋಣೆಯಲ್ಲಿ ಬೇರುಗಳ ಕಾಗದದ ಪೊಟ್ಟಣಗಳನ್ನು ಜೋಡಿಸುತ್ತಿದ್ದಳು. ಅವಳ ಕೈ ನಿಂತಿದ್ದು ಕಂಡಿತು.

ಸಂಯೋಜಕರು ಅಷ್ಟಕ್ಕೆ ಬಿಡಲಿಲ್ಲ. "ನೋಡಿ, ಒಂದು ಚೌಕ ಎಲ್ಲಿದೆ ಅಂತ ನಿಮಗೇ ಗ್ಯಾರಂಟಿ ಇಲ್ಲ ಅಂದ್ರೆ, ಉಳಿದ ಒಂಬತ್ತು ಅಲ್ಲೇ ಇವೆ ಅಂತ ನಾನು ಹೇಗೆ ನಂಬಲಿ? ತಿಂಗಳ ಕೊನೆಗೆ ಅಂಕಿಗಳ ಲೆಕ್ಕ ಮುಚ್ಚಿಬಿಡ್ತೀನಿ. ಅಷ್ಟರೊಳಗೆ ಖಚಿತ ಮಾಡಿ. ಆಗದಿದ್ರೆ ದೆಹಲಿ ಬಿಟ್ಟು ಮೂರೇ ಜಾಗ."

ಒಬ್ಬಳ ತಪ್ಪು ಎಂದು ಸುಲಭವಾಗಿ ಹೇಳಿದ ಮಾತು ಅವಳ ಇಡೀ ಪ್ರಬಂಧದ ಬುಡಕ್ಕೇ ಬಂದಿತ್ತು. ನಾನು ಫೋನ್ ಇಟ್ಟು ಸಂಯೋಜಕರ ಮಾತು ತಿಳಿಸಿದ ಮೇಲೆ ಅವಳು ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ಪೊಟ್ಟಣಗಳ ಡಬ್ಬಿ ಮುಚ್ಚಿ ಕೇಳಿದಳು:

"ಪ್ರತಿ ಚೌಕದ ಒಂದು ಮೂಲೇಲಿ ಮೊಳೆ ಹೂತಿದ್ದೀರಿ ಅಂತ ನೀವೇ ಹೇಳಿದ್ರಲ್ಲ. ಅದು ನಿಜಾನಾ, ಅದೂ ನೆನಪಾ?"

ಚುಚ್ಚುಮಾತೇ. ಆದರೆ ಉತ್ತರ ಸ್ಥಾಪನೆಯ ದಿನದ ಟಿಪ್ಪಣಿಯಲ್ಲಿತ್ತು: ಗೂಟ ಹೋದರೂ ಗುರುತು ಉಳಿಯಲೆಂದು ಪ್ರತಿ ಚೌಕದ ಈಶಾನ್ಯ ಮೂಲೆಯಲ್ಲಿ ಒಂದು ಗೇಣು ಆಳಕ್ಕೆ ದಪ್ಪ ಮೊಳೆ, ಅದರ ತಲೆಗೆ ಸುತ್ತಿ ಮೇಲಕ್ಕೆ ತಂದ ದಾರದ ತುದಿ. ದಾರದ ಬಣ್ಣ ಬರೆದಿರಲಿಲ್ಲ. ಬರೆಯಬೇಕೆಂದು ಯಾರಿಗೆ ಹೊಳೆಯುತ್ತದೆ?

"ಅಗೆದು ನೋಡೋಣ" ಎಂದಳು.

ನಾನು ಒಂದು ದಿನ ತಡೆದೆ. ಹತ್ತಾರು ವರ್ಷ ನೋಡಬೇಕಾದ ಚೌಕದ ಮೂಲೆ ಕೆದಕಿದರೆ ಅಷ್ಟು ಮಣ್ಣು ಕೆಟ್ಟಿತು ಎಂಬುದು ನಾನು ಕೊಟ್ಟ ಕಾರಣ. ಒಳಗಿನ ಕಾರಣ ಬೇರೆ. ಮೊಳೆ ಸಿಗದಿದ್ದರೆ ಅವಳ ಪ್ರಬಂಧ ಹೋಗುತ್ತದೆ. ಸಿಕ್ಕರೆ ನಾನು ಆಡಿದ ಮಾತು ಹೋಗುತ್ತದೆ. ಎರಡನ್ನೂ ತಕ್ಕಡಿಗೆ ಹಾಕಿದ್ದೇನೆ ಎಂಬುದು ಅರಿವಾದಾಗ ನನಗೇ ನಾಚಿಕೆಯಾಯಿತು. ಶನಿವಾರ ಹೋಗುವುದೆಂದು ಸಂದೇಶ ಕಳಿಸಿದೆ.

ವಾರದ ದಿನಗಳಲ್ಲಷ್ಟೇ ಕ್ಷೇತ್ರಕ್ಕೆ ಹೋಗುವುದು ನಮ್ಮ ರೂಢಿ. ವಿಭಾಗದ ಗಾಡಿ ಸಿಗುವುದು ಆಗಲೇ. ಶನಿವಾರ ಗಾಡಿ ಇಲ್ಲ. ಮೆಟ್ರೋ ಬದಲಿಸಿ, ಆಟೋ ಹಿಡಿದು ತಲುಪುವಾಗ ನವೆಂಬರಿನ ಹೊಗೆಯಲ್ಲಿ ಸೂರ್ಯ ಅರಿಶಿನದ ಬಿಲ್ಲೆಯಂತೆ ತೂಗುತ್ತಿದ್ದ. ಗಂಟಲು ಕೆರೆಯುತ್ತಿತ್ತು. ಗೇಟಿನ ಗಾರ್ಡ್ ಕುರ್ಚಿಯಿಂದೇಳದೆ ಹಿಂದಿಯಲ್ಲೇ ವಿಚಾರಿಸಿದ.

"ಅರೆ ಸಾಬ್, ಶನಿವಾರ ನೀವೂ ಬರೋಕೆ ಶುರು ಮಾಡಿದ್ರಾ?"

ಆ 'ನೀವೂ' ಎಂಬುದನ್ನು ಹಿಡಿದು ಕೇಳಬೇಕಿತ್ತು. ಕೇಳಲಿಲ್ಲ.

ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿ ತಂದಿದ್ದೆವು. ಏಳನೆಯ ಚೌಕವೆಂದು ಅವಳು ತೋರಿಸಿದ ಕಡೆ ಹುಲ್ಲು ನಿಜಕ್ಕೂ ಬೇರೆ ಥರ ಇತ್ತು: ಸುತ್ತಲಿನ ಹುಲ್ಲು ಒಣಗಿ ಹುರಿಯಾಗಿದ್ದರೆ ಇಲ್ಲಿ ಬುಡದಲ್ಲಿ ಇನ್ನೂ ಹಸಿರು. ಅಯಸ್ಕಾಂತ ಎಲ್ಲೂ ಎಳೆಯಲಿಲ್ಲ. ಒಂದು ಗೇಣು ಮಣ್ಣಿನಡಿಯ ಮೊಳೆಗೆ ಅದರ ಶಕ್ತಿ ಸಾಲದೆಂದು ಅಲ್ಲೇ ಗೊತ್ತಾಯಿತು. ಕಳೆ ಕೀಳುವ ಖುರ್ಪಿಯಿಂದ ನಾನು ಈಶಾನ್ಯ ಮೂಲೆಯನ್ನು ಚಹದ ಕಪ್ಪಿನಷ್ಟು ಅಗಲಕ್ಕೆ ಅಗೆಯುತ್ತ ಹೋದೆ. ಅವಳು ಎದ್ದ ಮಣ್ಣನ್ನು ತಟ್ಟೆಗೆ ಹಾಕಿ ಅಯಸ್ಕಾಂತ ಆಡಿಸುತ್ತಿದ್ದಳು. ಅರ್ಧ ಗೇಣು, ಕಲ್ಲು. ಮುಕ್ಕಾಲು ಗೇಣು, ಬೇರು. ಆಮೇಲೆ ಖುರ್ಪಿಗೆ ಠಣ್ಣೆಂದಿತು.

ಮೊಳೆ. ತುಕ್ಕು ಹಿಡಿದು ಉಬ್ಬಿದ ದಪ್ಪ ಮೊಳೆ. ಅದರ ಕುತ್ತಿಗೆಗೆ ಮೂರು ಸುತ್ತು ಕೆಂಪು ಹಳದಿ ದಾರ. ಈಗಿನ ಆ ದಾರಗಳಲ್ಲಿ ಹತ್ತಿಯ ಹೆಸರಷ್ಟೇ ಇರುತ್ತದೆ, ಉಳಿದದ್ದೆಲ್ಲ ನೈಲಾನ್. ಹಾಗಾಗಿ ಕೊಳೆಯದೆ ಉಳಿದಿತ್ತು.

ಪೂಜೆ ಮಾಡಿದವರು ಯಾರೂ ಬಂದು ಒಂದು ಗೇಣು ಆಳದ ಮೊಳೆಗೆ ದಾರ ಸುತ್ತಿರಲಾರರು. ಬಿಳಿ ದಾರ ಏಳನೆಯ ಚೌಕಕ್ಕೆ ಬರುವಾಗ ಮುಗಿದಿರಬೇಕು. ರಸ್ತೆಬದಿಯ ಗುಡಿಯ ಹತ್ತಿರದ ಅಂಗಡಿಯಲ್ಲಿ ಸಿಕ್ಕ ದಾರ ತಂದು ಕಟ್ಟಿ, ಮರುದಿನ ಹೊಸ ಉಂಡೆಯೊಂದಿಗೆ ಉಳಿದ ಮೂರನ್ನು ಮುಗಿಸಿರಬೇಕು. 'ಬೇಕು' ಎಂದೇ ಹೇಳುತ್ತಿದ್ದೇನೆ, ಏಕೆಂದರೆ ಇವತ್ತಿಗೂ ಅದು ನೆನಪಿಲ್ಲ. ಇತ್ತೀಚೆಗೆ ಆ ಅಂಗಡಿಯವನ ಮುಖ, ತೂಗುಹಾಕಿದ ದಾರದ ಗೊಂಚಲು ಎಲ್ಲವೂ ಕಾಣತೊಡಗಿವೆ. ಅದನ್ನೂ ನಾನು ನಂಬುವುದಿಲ್ಲ.

"ಫೋಟೋ ತೆಗೀಲಾ ಸರ್?"

"ತೆಗಿ. ಮೊಳೆ ಬಂದರೆ ಸಾಕು, ನನ್ನ ಮುಖ ಬೇಡ."

ಅವಳು ನಕ್ಕಳು. ವಾರದ ಬಳಿಕ ಮೊದಲ ಸಲ. "ನನ್ನದು ತಪ್ಪಾಯಿತು" ಎಂದೆ. ಅದಕ್ಕೆ ಅವಳು ತಲೆಯಾಡಿಸಿದಳು, ಪರವಾಗಿಲ್ಲ ಎನ್ನಲಿಲ್ಲ. ಅದು ನನಗೆ ಹಿಡಿಸಿತು.

ಚೌಕ ಸರಿಯಿದೆ ಎಂದಾಯಿತು. ಆದರೆ ಸಾರಜನಕ? ಸುತ್ತಮುತ್ತ ಬೆಳೆದು ನಿಂತ ಬಳ್ಳಾರಿ ಜಾಲಿಯ ಮೇಲೆ ನನ್ನ ಕಣ್ಣಿತ್ತು. ಅದರ ಬೇರು ಗಾಳಿಯ ಸಾರಜನಕವನ್ನು ಮಣ್ಣಿಗೆ ತರುತ್ತದೆ. ಅತಿ ಹತ್ತಿರದ ಜಾಲಿಯಿಂದ ಒಂದೊಂದು ಚೌಕಕ್ಕೂ ಟೇಪು ಹಿಡಿದೆವು. ಮೂರನೆಯ ಚೌಕ ಏಳಕ್ಕಿಂತ ಜಾಲಿಗೆ ಹತ್ತಿರವಿತ್ತು, ಅದರ ಅಂಕಿ ಸಾಮಾನ್ಯ. ಜಾಲಿ ಪಾರಾಯಿತು. ನಾವು ಟೇಪು ಸುತ್ತಿಕೊಳ್ಳುತ್ತಿರುವಾಗ ಗೇಟಿನ ಬಳಿ ಸ್ಕೂಟರ್ ನಿಂತ ಸದ್ದಾಯಿತು. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಹೆಲ್ಮೆಟ್ ಕೈಗೆ ಸಿಕ್ಕಿಸಿಕೊಂಡು, ಇನ್ನೊಂದು ಕೈಯಲ್ಲಿ ಸ್ಟೀಲ್ ಡಬ್ಬಿ ಹಿಡಿದು ನೇರ ನಮ್ಮ ಕಡೆ ನಡೆದು ಬಂದರು. ಅಗೆದ ಗುಂಡಿ ನೋಡಿ ದನಿ ಏರಿಸಿದರು.

"ಅರೆ ಭಯ್ಯಾ, ಏನ್ ಮಾಡ್ತಿದ್ದೀರಿ? ಇರುವೆ ಮನೆ ಅಗೀತಾರಾ ಯಾರಾದ್ರೂ? ಅದೂ ಶನಿವಾರ!"

ಅವರು ಮಾತಾಡಿದ್ದು ಹಿಂದಿಯಲ್ಲಿ. ಪಕ್ಕದ ಸೆಕ್ಟರಿನ ಶಾಲೆಯೊಂದರಲ್ಲಿ ಗಣಿತದ ಟೀಚರು. ಮಗಳು ಹನ್ನೊಂದನೆಯ ತರಗತಿಯಲ್ಲಿದ್ದಾಗ ಯಾರೋ ಜ್ಯೋತಿಷಿ ಶನಿವಾರ ಇರುವೆಗಳಿಗೆ ಹಿಟ್ಟು ಸಕ್ಕರೆ ಹಾಕಲು ಹೇಳಿದ್ದರಂತೆ. ದೆಹಲಿಯ ಕಡೆ ಇದು ಮನೆಮನೆಯ ಮಾತು. ಪಾರ್ಕಿನ ಮರದ ಬುಡಗಳಲ್ಲಿ ಬಿಳಿ ಹಿಟ್ಟಿನ ಗೆರೆಗಳನ್ನು ನಾನೇ ಎಷ್ಟು ಸಲ ದಾಟಿ ಹೋಗಿಲ್ಲ.

"ಪಾರ್ಕ್ ಬಿಟ್ಟು ಇಲ್ಲಿಗೇ ಯಾಕೆ ಬಂದ್ರಿ ಮೇಡಂ?" ಎಂದೆ.

"ಇಲ್ಲಿ ಗೂಟ ನೆಟ್ಟು ಪೂಜೆಯ ಮೌಲಿ ದಾರ ಕಟ್ಟಿತ್ತಲ್ಲ! ಯಾರೋ ತಿಳಿದವರೇ ಕಟ್ಟಿರಬೇಕು, ಜಾಗ ಒಳ್ಳೇದಿರಬೇಕು ಅಂದುಕೊಂಡೆ. ಗಾರ್ಡ್ ಭಯ್ಯಾನೂ ಬಿಟ್ಟ."

ಗಾರ್ಡ್ ದೂರದಿಂದಲೇ ಕೂಗಿದ. "ಇರುವೆಗೆ ಹಾಕೋರನ್ನ ತಡೆದು ಪಾಪ ಯಾರು ಕಟ್ಟಿಕೊಳ್ತಾರೆ ಸಾಬ್!"

ನಾನು ವಿದ್ಯಾರ್ಥಿನಿಯ ಕಡೆ ನೋಡಲಿಲ್ಲ. ಅವಳು ಆಗಲೇ ಫೀಲ್ಡ್ ಬುಕ್ ತೆರೆದು ನಿಂತಿದ್ದಳು.

"ವಾರಕ್ಕೆ ಎಷ್ಟು ಹಾಕ್ತೀರಿ ಆಂಟಿ?"

"ಎರಡು ಕಟೋರಿ ಹಿಟ್ಟು, ಅರ್ಧ ಕಟೋರಿ ಬೂರಾ, ಪುಡಿ ಸಕ್ಕರೆ."

"ಅಳೆದೇ ಹಾಕ್ತೀರಾ?"

"ಮತ್ತೆ? ಬೋರ್ಡ್ ಎಕ್ಸಾಮ್ ತಿಂಗಳು ಮಂಗಳವಾರಾನೂ ಹಾಕಿದೀನಿ. ಬೇಸಿಗೆ ರಜೇಲಿ ಎರಡು ವಾರ ತವರಿಗೆ ಹೋಗಿದ್ದೆ, ಆ ಎರಡು ತಪ್ಪಿದೆ. ಬರೆದುಕೋ, ಎರಡೇ."

ನಮ್ಮ ಯೋಜನೆಯಲ್ಲಿ ಇಷ್ಟು ಕಟ್ಟುನಿಟ್ಟಾಗಿ ನಡೆದ ಪ್ರಯೋಗ ಇನ್ನೊಂದಿರಲಿಲ್ಲ. ವಿದ್ಯಾರ್ಥಿನಿ ಒಂದು ಬಟ್ಟಲು ಹಿಟ್ಟಿನಲ್ಲಿ ಎಷ್ಟು ಪ್ರೋಟೀನ್, ಅದರಲ್ಲಿ ಎಷ್ಟು ಸಾರಜನಕ ಎಂದು ಪುಟದ ಅಂಚಿನಲ್ಲೇ ಗುಣಿಸಿದಳು. ಟೀಚರು ಅವಳ ಭುಜದ ಮೇಲಿಂದ ಬಗ್ಗಿ ನೋಡಿ ಒಂದು ದಶಮಾಂಶ ತಿದ್ದಿದರು. ಇರುವೆ ಹೊತ್ತೊಯ್ದದ್ದು, ಹಕ್ಕಿ ತಿಂದದ್ದು, ಗಾಳಿಗೆ ಹೋದದ್ದು ಎಲ್ಲ ಕಳೆದರೂ ನಮ್ಮ ಬಡ ಮಣ್ಣನ್ನು ಬದಲಿಸಲು ಉಳಿದದ್ದು ಧಾರಾಳವಾಗಿ ಸಾಕಿತ್ತು.

"ಮಗಳು ಪಾಸಾದಳಾ?" ಎಂದು ಕೇಳಿದೆ.

"ಬಿ.ಎಸ್ಸಿ. ಮಾಡ್ತಿದ್ದಾಳೆ. ನೀವು ನಂಬಲ್ಲ ಅಂತ ನಿಮ್ಮ ಮುಖಾನೇ ಹೇಳುತ್ತೆ" ಎಂದು ಅವರು ನಕ್ಕರು. "ನಾನೂ ಪೂರ್ತಿ ನಂಬಲ್ಲ. ಆದ್ರೆ ವಾರಕ್ಕೊಂದು ಸಲ ಇಲ್ಲಿ ಬಂದು ಐದು ನಿಮಿಷ ನಿಂತರೆ ಚೆನ್ನಾಗಿರುತ್ತೆ."

ಆ ದಾರ ಕಟ್ಟಿದ್ದು ನಾನೇ, ಇಲ್ಲಿ ಇನ್ನು ಹಾಕಬೇಡಿ ಎಂದು ಹೇಳುವುದು ನನ್ನ ಪಾಲಿಗೆ ಬಂತು. ಹೇಳಿದೆ. ಅವರು ಡಬ್ಬಿಯನ್ನೂ ನನ್ನನ್ನೂ ನೋಡಿ, "ಆಯ್ತು, ಹಾಗಾದ್ರೆ ಬೇರೆ ಜಾಗ ಕೊಡಿ. ನೀವೇ ದಾರ ಕಟ್ಟಿ ಕೊಡಿ, ಮೊದಲೂ ನೀವೇ ಕಟ್ಟಿದ್ದಲ್ವಾ?" ಎಂದರು. ಬೇಲಿಯ ಆಚೆ, ಚೌಕಗಳಿಂದ ಬಹುದೂರ, ಒಂದು ಬಂಡೆಯ ಪಕ್ಕ ಇರುವೆಗೂಡು ಇತ್ತು. ಅವರ ಸ್ಕೂಟರಿನ ಡಿಕ್ಕಿಯಲ್ಲಿ ದಾರವೂ ಇತ್ತು. ಯಾವ ದೇವರಿಗೂ ಕೈಮುಗಿಯದ ನಾನು ಆ ಬಂಡೆಗೆ ಕೆಂಪು ದಾರ ಸುತ್ತಿ ಗಂಟು ಹಾಕಿದೆ.

"ನಮ್ಮಜ್ಜಿ ದರ್ಗಾದ ಜಾಲರಿಗೆ ಹೀಗೇ ಕಟ್ತಿದ್ರು ಸರ್. ನೀವು ಇನ್ನೂ ಸ್ವಲ್ಪ ಬಿಗಿಯಾಗಿ ಕಟ್ಟಬೇಕು" ಎಂದಳು ವಿದ್ಯಾರ್ಥಿನಿ.

ಅಂದು ಸಂಜೆಯೇ ಸಂಯೋಜಕರಿಗೆ ಬರೆದೆ. ಜಾಗ ತಪ್ಪಿರಲಿಲ್ಲ, ವಿದ್ಯಾರ್ಥಿನಿ ಬರೆದುಕೊಂಡದ್ದೆಲ್ಲ ಸರಿ, ಕೆಂಪು ದಾರ ನನ್ನದು, ಅದರಿಂದಾಗಿ ಎರಡು ವರ್ಷ ಚೌಕಕ್ಕೆ ಹಿಟ್ಟು ಬಿದ್ದಿದೆ, ಅವಳ ಬಗ್ಗೆ ಹೇಳಿದ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಕಳಿಸುವ ಮೊದಲು ಅವಳಿಗೂ ಪ್ರತಿ ಹಾಕಿದೆ. ಉತ್ತರ ಚುಟುಕಾಗಿತ್ತು: ಏಳನ್ನು ಬಿಡಿ, ಉಳಿದ ಒಂಬತ್ತರ ಮೊಳೆ ತೋರಿಸಿ.

ಮುಂದಿನ ವಾರ ಒಂಬತ್ತು ಮೂಲೆ ಅಗೆದೆವು. ಎಂಟು ಮೊಳೆ ಒಂದೂವರೆ ದಿನದಲ್ಲಿ ಸಿಕ್ಕವು, ಎಂಟಕ್ಕೂ ಬಿಳಿ ದಾರ. ನಾಲ್ಕನೆಯ ಚೌಕದ್ದು ಮಾತ್ರ ಇಲ್ಲ. ಈಶಾನ್ಯ ಮೂಲೆಯಲ್ಲಿ ಒಂದು ಗೇಣು, ಒಂದೂವರೆ ಗೇಣು, ಬರೀ ಕಲ್ಲು. ತಿಂಗಳು ಮುಗಿಯಲು ಮೂರು ದಿನ ಉಳಿದಿತ್ತು. ಟಿಪ್ಪಣಿಯಲ್ಲಿ ಈಶಾನ್ಯವೆಂದೇ ಇದೆ ಎಂದು ನಾನು ಅಲ್ಲೇ ಇನ್ನೂ ಅಗೆಯಲು ಹೊರಟೆ. ಅವಳು ಖುರ್ಪಿ ಇಸಿದುಕೊಂಡಳು.

"ಸರ್, ಇಷ್ಟು ಕಲ್ಲಿದ್ರೆ ಅವತ್ತು ನೀವು ಏನ್ ಮಾಡಿರ್ತೀರಿ? ನೆನಪು ಬೇಡ, ಯೋಚನೆ ಮಾಡಿ ಹೇಳಿ."

"ಪಕ್ಕದ ಮೂಲೆಗೆ ಹೋಗಿರ್ತೀನಿ."

ವಾಯವ್ಯ ಮೂಲೆಯಲ್ಲಿ ಮುಕ್ಕಾಲು ಗೇಣು ಆಳದಲ್ಲಿ ಮೊಳೆ ಇತ್ತು. ಬಿಳಿ ದಾರ. ಹತ್ತು ಫೋಟೋಗಳನ್ನು ಕಳಿಸಿದ ಮರುದಿನ ದೆಹಲಿ ಉಳಿಯಿತು ಎಂಬ ಸಂದೇಶ ಬಂತು. ಅವಳು ಪ್ರಯೋಗಾಲಯದ ಎಲ್ಲರಿಗೂ, ಚಹದ ಭಯ್ಯಾನಿಗೂ, ಬೆಣ್ಣೆ ಬಿಸ್ಕತ್ ಹಂಚಿದಳು.

ಏಳನೆಯ ಚೌಕವನ್ನು ಗೆರೆಯಿಂದ ಬಿಟ್ಟೆವು, ಎಸೆಯಲಿಲ್ಲ. ಅದರ ಬೇರುಗಳ ಪೊಟ್ಟಣ ಹತ್ತರಲ್ಲಿ ಅತಿ ಹಗುರ, ಕತ್ತರಿಸಿದ ಹುಲ್ಲಿನ ಪೊಟ್ಟಣ ಅತಿ ಭಾರ. ಅದೇ ಬಿಸಿಲು, ಅದೇ ಮಳೆ, ಅದೇ ಕಲ್ಲುನೆಲ. ಕೈಗೆ ಸಾರಜನಕ ಸಿಕ್ಕಿದ್ದೇ ತಡ ಹುಲ್ಲು ಬೇರಿನ ಪಾಲು ಕಡಿಮೆ ಮಾಡಿ ಎಲೆಗೆ ಹಾಕಿತ್ತೇ? ಒಣ ನಾಡಿನ ಹುಲ್ಲಿನ ಹಂಚಿಕೆಯಲ್ಲಿ ಎಷ್ಟು ನೀರಿನ ಕೊರತೆಯಿಂದ, ಎಷ್ಟು ಸಾರಜನಕದ ಕೊರತೆಯಿಂದ? ಒಂದು ಚೌಕದಿಂದ ಏನೂ ಸಾಬೀತಾಗದು ಎಂದೆ. ಗೊತ್ತು ಎಂದಳು. ಬೇಲಿಯ ಒಳಗೇ, ಇನ್ನೊಂದು ಬದಿಯಲ್ಲಿ ಹನ್ನೆರಡು ಹೊಸ ಚೌಕಗಳ ನಕ್ಷೆ ಅವಳ ಬಳಿ ಆಗಲೇ ಸಿದ್ಧವಿತ್ತು. ಆರಕ್ಕೆ ಅಳೆದ ಹಿಟ್ಟು, ಆರಕ್ಕೆ ಏನೂ ಇಲ್ಲ. ಅಳತೆಗೆ ಟೀಚರು ತಮ್ಮದೇ ಕಟೋರಿ ಕೊಟ್ಟಿದ್ದಾರೆ. ಮೊದಲ ಮಳೆಗೆ ಶುರುವಾಗಲಿದೆ.

ಕಳೆದ ತಿಂಗಳು ಅವಳ ಪ್ರಬಂಧದ ವಿಧಾನದ ಅಧ್ಯಾಯ ನನ್ನ ಕೈಗೆ ಬಂತು. ಎರಡನೆಯ ಪುಟದಲ್ಲಿ ಒಂದು ವಾಕ್ಯ: "ಬಿಳಿ ದಾರ ಮುಗಿದದ್ದರಿಂದ ಏಳನೆಯ ಚೌಕಕ್ಕೆ ಪೂಜೆಯ ಕೆಂಪು ದಾರ ಕಟ್ಟಲಾಗಿತ್ತು." ಪೆನ್ಸಿಲಿನಿಂದ ಅದಕ್ಕೆ ಗೆರೆ ಎಳೆದೆ. ಪ್ರಬಂಧದಲ್ಲಿ ಇಂಥದ್ದೆಲ್ಲ ಯಾಕೆ ಎಂದು ಅಂಚಿನಲ್ಲಿ ಬರೆಯಲು ಹೊರಟವನು ನಿಲ್ಲಿಸಿದೆ. ನನಗೆ ನೆನಪೇ ಇಲ್ಲದ ಆ ದಿನದ ಬಗ್ಗೆ ಬೇರೆಲ್ಲೂ ಸಿಗದ ಒಂದೇ ಒಂದು ದಾಖಲೆ ಅದು. ರಬ್ಬರ್ ತೆಗೆದುಕೊಂಡು ನಾನು ಎಳೆದ ಗೆರೆಯನ್ನು ಅಳಿಸಿದೆ.